ಮನೆಯೂ ಮುಂಗಡವೂ ಇಲ್ಲದೆ ಬೆಂಗಳೂರು ಸೇರಿದ್ದು

ದಾವಣಗೆರೆಯಲ್ಲಿ ನನ್ನ ಕೆಲಸವೂ ವಾಸವೂ ಒಂದೇ ಕಟ್ಟಡದಲ್ಲಿದ್ದುದರಿಂದ ಎರಡೂ ಒಟ್ಟಿಗೇ ಹೋದವು. ಮಂಡಿಪೇಟೆಗೆ ಸಮೀಪದ ಓಣಿಯೊಂದರ ಮುದ್ರಣಾಲಯದಲ್ಲಿ ನಾನು ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಶಿವಗಣಾರಾಧನೆಯ ಕಾರ್ಡು, ಹೀಗೆ ಬಂದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ನನ್ನ ಪಾಲಿನದು. ಮುದ್ರಣಾಲಯದ ಮೇಲಿದ್ದ ತಗಡಿನ ಮಾಡಿನ ಕೋಣೆಯಲ್ಲಿ ಅವ್ವನೂ ನಾನೂ ಬಾಡಿಗೆಯಿಲ್ಲದೆ ಇದ್ದೆವು. ಅಪ್ಪ ಹತ್ತಿ ಗಿರಣಿಯ ಕಾರ್ಮಿಕನಾಗಿದ್ದವನು. ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಸ್ವಂತ ಮನೆಯ ಮಾತು ನಮ್ಮಲ್ಲಿ ಮತ್ತೆ ಬರಲಿಲ್ಲ. ಅವ್ವ ತೀರಿಕೊಂಡ ಮರುವರ್ಷ ಯಜಮಾನರು ಮುದ್ರಣಾಲಯ ಮುಚ್ಚಿ ಕಟ್ಟಡವನ್ನು ಮಾರಿದರು. ಮದುವೆಯ ಕರೆಯೋಲೆ ಮೊಬೈಲಿನಲ್ಲೇ ಹೋಗತೊಡಗಿದಾಗಿನಿಂದ ಸಾವಿರ ಕಾರ್ಡು ಮಾಡಿಸುತ್ತಿದ್ದವರು ನೂರಕ್ಕೆ ಇಳಿದಿದ್ದರು, ಉಳಿದದ್ದನ್ನು ಫ್ಲೆಕ್ಸ್ ಅಂಗಡಿಗಳು ತೆಗೆದುಕೊಂಡಿದ್ದವು. ಬಾಕಿ ಸಂಬಳದಲ್ಲಿ ಸ್ವಲ್ಪ ಕೊಟ್ಟರು, ಉಳಿದದ್ದಕ್ಕೆ ಕೈಮುಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಳಿಯೂ ಇರಲಿಲ್ಲ.

ಮೊದಲ ಕೆಲವು ವಾರ ಊರಿನಲ್ಲೇ ನೆಲೆ ಹುಡುಕಿದೆ. ಕೆಟಿಜೆ ನಗರದ ಗೆಳತಿಯೊಬ್ಬಳ ಮನೆಯ ಪಡಸಾಲೆಯಲ್ಲಿ ಮಲಗಿದೆ. ಎರಡು ಕೋಣೆಯ ಮನೆಯಲ್ಲಿ ಅವಳ ಅತ್ತೆ, ಮಾವ, ಇಬ್ಬರು ಮಕ್ಕಳಿದ್ದರು, ಯಾರೂ ಬಾಯಿಬಿಟ್ಟು ಏನೂ ಹೇಳದಿದ್ದರೂ ಹೆಚ್ಚು ದಿನ ಇರುವಂತಿರಲಿಲ್ಲ. ಆಮೇಲೆ ರೈಲು ನಿಲ್ದಾಣದ ಕಾಯುವ ಕೊಠಡಿಯಲ್ಲಿ ರಾತ್ರಿ ಕಳೆದು, ಹಗಲಿನಲ್ಲಿ ಗ್ರಂಥಾಲಯದಲ್ಲಿ ಕೂತು, ನಡುವೆ ಉಳಿದ ಮುದ್ರಣಾಲಯಗಳನ್ನು ಕೇಳಿಕೊಂಡು ಬಂದೆ. ಎಲ್ಲ ಕಡೆಯೂ ಒಂದೇ ಉತ್ತರ: ಹಂಗಾಮಿನಲ್ಲಿ ವಾರಕ್ಕೆ ಎರಡು ದಿನ ಬಾ, ಖಾಯಂ ಬೇಡ. ದಾವಣಗೆರೆಯಲ್ಲಿ ಒಂಟಿ ಕೋಣೆ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ ಬಾಡಿಗೆಗೆ ಸಿಗುತ್ತದೆ, ನಿಜ. ಆದರೆ ವಾರಕ್ಕೆ ಎರಡು ದಿನದ ದುಡಿಮೆಯಿಂದ ಆ ಅಗ್ಗದ ಬಾಡಿಗೆಯೂ ಹೊರಡುವುದಿಲ್ಲ. ಮನೆಯಿಲ್ಲದವರು ದುಬಾರಿ ಊರಿಗೆ ಏಕೆ ಹೋಗುತ್ತಾರೆ ಎಂದು ಕೇಳುವವರು ಈ ಲೆಕ್ಕವನ್ನು ಮಾಡಿರುವುದಿಲ್ಲ. ಬಾಡಿಗೆ ಎಷ್ಟು ಎಂಬುದಕ್ಕಿಂತ, ತಿಂಗಳ ಇಪ್ಪತ್ತೈದು ದಿನ ಕೆಲಸ ಇದೆಯೇ ಎಂಬುದು ಬರಿಗೈಯವರಿಗೆ ದೊಡ್ಡ ಪ್ರಶ್ನೆ.

ನನ್ನ ಕಸುಬಿಗೆ ಬೆಂಗಳೂರಿನಲ್ಲಿ ಎಲ್ಲಿ ಕೆಲಸವಿದೆ ಎಂಬುದು ನನಗೆ ಗೊತ್ತಿತ್ತು. ನಮ್ಮಲ್ಲಿಗೆ ಬರುತ್ತಿದ್ದ ಖಾಲಿ ಲಗ್ನಪತ್ರಿಕೆಗಳ ಡಬ್ಬಗಳ ಮೇಲೆಲ್ಲ ಸುಲ್ತಾನ್‌ಪೇಟೆ, ಚಿಕ್ಕಪೇಟೆಯ ಅಂಗಡಿಗಳ ಚೀಟಿ ಅಂಟಿಸಿರುತ್ತಿತ್ತು. ವರ್ಷಗಟ್ಟಲೆ ಆ ಡಬ್ಬಗಳನ್ನು ಒಡೆದು ಎಣಿಸಿದವಳಿಗೆ ಅಲ್ಲಿನ ಅಂಗಡಿಗಳ ಹೆಸರುಗಳು ಬಾಯಿಪಾಠವಾಗಿದ್ದವು. ಕೆಲಸ ಸಿಗಬಹುದು ಎಂಬ ಬಗ್ಗೆ ಧೈರ್ಯವಿತ್ತು. ಧೈರ್ಯವಿಲ್ಲದಿದ್ದದ್ದು ಕೆಲಸ ಸಿಕ್ಕ ದಿನದಿಂದ ಕೋಣೆ ಸಿಗುವ ದಿನದವರೆಗಿನ ಅವಧಿಯ ಬಗ್ಗೆ. ಬೆಂಗಳೂರಿನಲ್ಲಿ ಬಾಡಿಗೆಯ ಹತ್ತು ಪಟ್ಟು ಮುಂಗಡ ಕೇಳುವುದು ಬಹುಕಾಲದ ರೂಢಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರು ಇದ್ದಾರೆಂದರೂ ಸಣ್ಣ ಕೋಣೆಗೂ ಮೂವತ್ತು ನಲವತ್ತು ಸಾವಿರ ಒಟ್ಟಿಗೆ ಬೇಕು. ನನ್ನ ಬಳಿ ಎರಡು ಸಾವಿರವೂ ತುಂಬಿರಲಿಲ್ಲ. ಆದ್ದರಿಂದ ನಾನು ಹೊರಡುವ ಮುನ್ನ ಮಾಡಿದ ಸಿದ್ಧತೆಯೆಲ್ಲ ಈ ಅವಧಿಯನ್ನು ದಾಟುವುದಕ್ಕಾಗಿ ಮಾಡಿದ್ದು, ಮತ್ತು ನನ್ನಂತೆ ಹೊರಟು ನಿಂತವರಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೆ. ಕೈಯಲ್ಲಿ ದುಡ್ಡಿಲ್ಲದಾಗ ರೀಚಾರ್ಜ್ ಮಾಡಿಸುವುದು ದುಂದುಗಾರಿಕೆ ಎನಿಸುತ್ತದೆ. ಆದರೆ ಆಧಾರ್, ಬ್ಯಾಂಕು, ಗ್ಯಾಸು, ಪಡಿತರ ಎಲ್ಲವೂ ಆ ಹತ್ತು ಅಂಕಿಗಳಿಗೆ ಕಟ್ಟಿಕೊಂಡಿವೆ, ಒಟಿಪಿ ಬರುವುದು ನಿಂತರೆ ನಮ್ಮ ದುಡ್ಡನ್ನು ನಾವೇ ಮುಟ್ಟಲಾರೆವು. ಊಟ ಒಂದು ಹೊತ್ತು ಬಿಟ್ಟರೂ ರೀಚಾರ್ಜ್ ಬಿಡಬಾರದು ಎಂದು ನಾನು ಈಗಲೂ ಹೇಳುತ್ತೇನೆ. ಎರಡನೆಯದಾಗಿ, ಆಧಾರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಅವ್ವನ ಮರಣ ಪ್ರಮಾಣಪತ್ರ, ಇವುಗಳ ನೆರಳಚ್ಚು ಪ್ರತಿಗಳನ್ನು ಎರಡೆರಡು ಮಾಡಿಸಿ, ಮೂಲಪ್ರತಿಗಳನ್ನು ಗೆಳತಿಯ ಬೀರುವಿನಲ್ಲಿಟ್ಟು, ಆಧಾರ್ ಮೂಲವನ್ನು ಮಾತ್ರ ಜೊತೆಗೆ ತೆಗೆದುಕೊಂಡೆ. ಸಾಧ್ಯವಾದದ್ದನ್ನು ಡಿಜಿಲಾಕರ್‌ಗೂ ಸೇರಿಸಿದೆ. ಬೀದಿಯಲ್ಲಿ ಇರುವವರು ಮೊದಲು ಕಳೆದುಕೊಳ್ಳುವುದು ಕಾಗದಗಳನ್ನು. ಮಲಗಿದ್ದಾಗ ಚೀಲ ಎಳೆದುಕೊಂಡು ಹೋಗುವವನಿಗೆ ಅದರಲ್ಲಿ ಅಂಕಪಟ್ಟಿ ಇರುವುದು ಗೊತ್ತಿರುವುದಿಲ್ಲ. ಬ್ಯಾಂಕ್ ಶಾಖೆಗೆ ಹೋಗಿ ಖಾತೆ ಚಾಲ್ತಿಯಲ್ಲಿದೆಯೇ ಎಂದು ನೋಡಿ, ಕೆವೈಸಿ ನವೀಕರಿಸಿಕೊಂಡು ಬಂದೆ.

ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಮಹಾನಗರ ಪಾಲಿಕೆಯ ಕಚೇರಿ ಇದೆ. ಅಲ್ಲಿನ ನಗರ ಜೀವನೋಪಾಯ ವಿಭಾಗದಲ್ಲಿ ಸ್ವಸಹಾಯ ಸಂಘಗಳ ಕೆಲಸ ನೋಡಿಕೊಳ್ಳುವ ಹಿರಿಯ ಮಹಿಳೆಯೊಬ್ಬರ ಬಳಿಗೆ ಗೆಳತಿ ಕರೆದುಕೊಂಡು ಹೋದಳು. ನನ್ನ ಮಾತು ಮುಗಿಯುವವರೆಗೆ ಅವರು ನಡುವೆ ಬಾಯಿ ಹಾಕಲಿಲ್ಲ.

“ಬೆಂಗಳೂರಿಗೆ ಹೋಗೋದು ಬ್ಯಾಡ ಅನ್ನಂಗಿಲ್ಲವ್ವಾ, ಕಸುಬು ಇದ್ದೋರು ಹೋಗ್ತಾರೆ. ಆದ್ರ ಬಸ್ಸಿಳಿದ ಮ್ಯಾಲೆ ಎಲ್ಲಿ ಮಲಗ್ತೀನಿ ಅಂತ ವಿಚಾರ ಮಾಡ್ಬಾರ್ದು. ಮನೆ ಇಲ್ಲದೋರಿಗೆ ಅಂತ ಆಶ್ರಯ ಕೇಂದ್ರ ಅದಾವ ಅಲ್ಲಿ, ಇಲ್ಲಿಂದನೇ ಫೋನ್ ಮಾಡಿ ಜಾಗ ಗಟ್ಟಿ ಮಾಡ್ಕೊಂಡು ಹೋಗು,” ಎಂದರು.

“ನನ್ನಂಥವರನ್ನ ಅಲ್ಲಿ ಇಟ್ಕೊಳ್ತಾರಾ ಅಕ್ಕಾರೆ?” ಎಂದು ಕೇಳಿದೆ.

“ಯಾಕೆ ಇಟ್ಕೊಳಲ್ಲ? ಧರ್ಮಕ್ಕೆ ಅಂತ ನಡೆಸೋದಲ್ಲ ಅದು, ಸರ್ಕಾರದ ಯೋಜನೆ. ಕೇಳೋವಾಗ ತಲೆ ತಗ್ಗಿಸ್ಬ್ಯಾಡ.”

ನಗರ ವಸತಿರಹಿತರ ಆಶ್ರಯ ಕೇಂದ್ರಗಳ ಬಗ್ಗೆ ನಾನು ಸರಿಯಾಗಿ ತಿಳಿದುಕೊಂಡದ್ದು ಅವರಿಂದಲೇ. ಚಳಿಗೆ ಬೀದಿಯಲ್ಲಿ ಜನ ಸಾಯುತ್ತಿದ್ದುದನ್ನು ಗಮನಿಸಿದ ಸುಪ್ರೀಂ ಕೋರ್ಟ್ 2010ರಲ್ಲಿ, ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರಗಳು ಇರಬೇಕೆಂದು ಹೇಳಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆಯಾಗಿ ತೆಗೆದುಕೊಂಡು, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕೆಂಬ ಅಳತೆಯನ್ನೂ ಹಾಕಿತು. ಕಟ್ಟಡ ಸ್ಥಳೀಯ ಸಂಸ್ಥೆಯದು, ನಡೆಸುವವರು ಸಾಮಾನ್ಯವಾಗಿ ಸ್ವಯಂಸೇವಾ ಸಂಸ್ಥೆಯವರು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ದಾವಣಗೆರೆಯಲ್ಲೇ ಇಂಥದ್ದೊಂದು ಹಾಸಿಗೆ ಕೇಳಬಹುದಿತ್ತಲ್ಲ ಎನ್ನಬಹುದು. ಹಾಸಿಗೆ ಸಿಕ್ಕರೂ ಕೆಲಸ ಸಿಗದ ಊರಿನಲ್ಲಿ ಅದು ಎಂದೆಂದಿಗೂ ಅಲ್ಲೇ ಉಳಿಯುವ ಹಾಸಿಗೆಯಾಗುತ್ತದೆ. ಪಾಲಿಕೆಯ ಆ ಮಹಿಳೆ ತಮ್ಮ ಪರಿಚಯದವರ ಮೂಲಕ ಬೆಂಗಳೂರಿನ ಹೆಂಗಸರ ಕೇಂದ್ರವೊಂದರ ಸಂಖ್ಯೆಯನ್ನು ಹುಡುಕಿ, ನನ್ನೆದುರೇ ಫೋನ್ ಮಾಡಿ, ಜಾಗವಿದೆಯೆಂದು ಖಚಿತಪಡಿಸಿದರು. 181 ಮಹಿಳಾ ಸಹಾಯವಾಣಿಯನ್ನೂ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ಐದು ದಿನದವರೆಗೆ ತಂಗಲು ಅವಕಾಶವಿರುವ ಸಖಿ ಕೇಂದ್ರಗಳನ್ನೂ ತಿಳಿಸಿಕೊಟ್ಟರು. ನನಗೆ ಅದರ ಅಗತ್ಯ ಬೀಳಲಿಲ್ಲ, ಆದರೆ ಹೊಡೆಯುವ ಗಂಡನನ್ನು ಬಿಟ್ಟು ಹೊರಡುವವರು ಇದನ್ನು ತಿಳಿದಿರಬೇಕು.

ಹೊರಡುವ ಕಾಲವನ್ನು ಕಸುಬು ನೋಡಿ ಆರಿಸಿದೆ. 2024ರಲ್ಲಿ ಸಂಕ್ರಾಂತಿ ಕಳೆದ ಮೇಲೆ ಹೊರಟೆ. ಆ ಹೊತ್ತಿಗೆ ಮದುವೆಗಳ ಕೆಲಸ ಬಿರುಸಾಗುತ್ತದೆ, ಡಿಟಿಪಿ ಅಂಗಡಿಗಳಿಗೆ ಕೈ ಸಾಲದು. ಆಷಾಢದಲ್ಲಿ ಅದೇ ಅಂಗಡಿಗೆ ಹೋದರೆ ಕುರ್ಚಿ ಖಾಲಿಯಿದ್ದರೂ ಕೂರಿಸುವುದಿಲ್ಲ. ವಾರವನ್ನೂ ನೋಡಿಕೊಂಡೆ. ಭಾನುವಾರ ಇಳಿದರೆ ಅಂಗಡಿ, ಕಚೇರಿ ಎಲ್ಲ ಮುಚ್ಚಿರುತ್ತವೆ, ಒಂದು ದಿನದ ಖರ್ಚು ಸುಮ್ಮನೆ ಹೋಗುತ್ತದೆ. ಭಾನುವಾರ ರಾತ್ರಿ ತಡವಾಗಿ ಹೊರಡುವ ಸರ್ಕಾರಿ ಬಸ್ಸು ಹತ್ತಿದರೆ ಆ ರಾತ್ರಿಯ ನಿದ್ದೆ ಬಸ್ಸಿನಲ್ಲೇ ಆಗುತ್ತದೆ, ಬೆಳಗಾಗುವ ಹೊತ್ತಿಗೆ ಊರು ತಲುಪುತ್ತೇವೆ. ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಗಿತ್ತು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಸಾಮಾನ್ಯ ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರು ಸೊನ್ನೆ ಮೊತ್ತದ ಟಿಕೆಟ್ ಹರಿದು ಕೊಡುತ್ತಾರೆ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು 260 ಕಿಲೋಮೀಟರು ದೂರವನ್ನು ಒಂದು ರೂಪಾಯಿ ಕೊಡದೆ ಬಂದೆ. ಉಚಿತ ಬಸ್ಸಿನ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಆ ಟಿಕೆಟ್ಟಿನ ದುಡ್ಡು ಉಳಿಯದಿದ್ದರೆ ನನ್ನ ಮೊದಲ ವಾರದ ಊಟ ಇರುತ್ತಿರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಕತ್ತಲಿತ್ತು. ಬೆಳಕು ಹರಿಯುವವರೆಗೆ ನಿಲ್ದಾಣದ ಒಳಗೇ, ಹೆಂಗಸರು ಮಕ್ಕಳು ಹೆಚ್ಚಿರುವ ಕಡೆ ಕೂತೆ. ಹಣ ಕೊಟ್ಟು ಬಳಸುವ ಶೌಚಾಲಯದಲ್ಲಿ ಮುಖ ತೊಳೆದು, ತಲೆ ಬಾಚಿ, ಸೀರೆ ಸರಿಮಾಡಿಕೊಂಡೆ. ಅಲ್ಲಿಂದ ಮುಂದೆ ಎಷ್ಟೋ ದಿನ ಈ ಖರ್ಚು ನನ್ನ ಊಟದ ಖರ್ಚಿಗೆ ಸಮವಾಗಿತ್ತು. ಬೀದಿಯಲ್ಲಿರುವ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಉರಿಮೂತ್ರ ತರಿಸಿಕೊಳ್ಳುವುದನ್ನು ಆಮೇಲೆ ನಾನು ಹತ್ತಿರದಿಂದ ನೋಡಿದೆ. ಊಟಕ್ಕೆ ಇಂದಿರಾ ಕ್ಯಾಂಟೀನ್ ಇತ್ತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ತೆರೆದ ಈ ಕ್ಯಾಂಟೀನುಗಳಲ್ಲಿ ತಿಂಡಿಗೆ 5 ರೂಪಾಯಿ, ಎರಡು ಹೊತ್ತಿನ ಊಟಕ್ಕೆ ತಲಾ 10 ರೂಪಾಯಿ. ದಿನಕ್ಕೆ 25, ತಿಂಗಳಿಗೆ 750. ದಾವಣಗೆರೆಯಲ್ಲೂ ಇದರಲ್ಲೇ ಉಂಡಿದ್ದೆನಾದ್ದರಿಂದ ತಡವಾದರೆ ಟೋಕನ್ ಮುಗಿದುಹೋಗುತ್ತದೆ ಎಂಬುದು ಗೊತ್ತಿತ್ತು, ತೆರೆಯುವ ಹೊತ್ತಿಗೇ ಸಾಲಿನಲ್ಲಿ ನಿಂತೆ.

ಆಶ್ರಯ ಕೇಂದ್ರ ಪಾಲಿಕೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿತ್ತು. ಒಳಗೆ ಉದ್ದನೆಯ ಹಜಾರ, ಎರಡೂ ಬದಿಗೆ ಕಬ್ಬಿಣದ ಮಂಚಗಳು, ಕೊನೆಯಲ್ಲಿ ಸ್ನಾನದ ಮನೆ. ಕೇರ್‌ಟೇಕರ್ ಅಮ್ಮ ದಪ್ಪ ರಿಜಿಸ್ಟರೊಂದನ್ನು ತೆರೆದು ಹೆಸರು, ವಯಸ್ಸು, ಊರು, ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದುಕೊಂಡು, “ಸಂಜೆ ಎಂಟರೊಳಗೆ ಬಂದ್ಬಿಡಬೇಕಮ್ಮ, ಕೆಲಸದಿಂದ ತಡ ಆಗೋದಾದ್ರೆ ಮೊದಲೇ ಹೇಳ್ಬೇಕು,” ಎಂದರು. ನಿಯಮದ ಪ್ರಕಾರ ದಿನವಿಡೀ ತೆರೆದಿರಬೇಕಾದ ಜಾಗವಾದರೂ ಬೆಳಿಗ್ಗೆ ಎಲ್ಲರೂ ಹೊರಗೆ ಹೋಗುವುದನ್ನೇ ಅವರು ಬಯಸುತ್ತಿದ್ದರು. ಜ್ವರ ಬಂದವರು ಹಗಲಿನಲ್ಲಿ ಮಲಗಲು ಕೇಳಿಕೊಳ್ಳಬೇಕಾಗಿತ್ತು. ಪ್ರತಿ ಮಂಚದ ಕೆಳಗೆ ಒಂದು ಸಣ್ಣ ತಗಡಿನ ಪೆಟ್ಟಿಗೆ, ಬೀಗ ನಮ್ಮದೇ. ನಾನು ಮೊದಲ ದಿನ ಕೊಂಡ ವಸ್ತು ಆ ಬೀಗ.

ಪಕ್ಕದ ಮಂಚದಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿಯೊಬ್ಬರಿದ್ದರು. ಮಲಗುವಾಗ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡು, ಮೂರು ಸಲ ಮುಟ್ಟಿ ನೋಡಿಕೊಂಡು ಮಲಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಫುಟ್‌ಪಾತಿನಲ್ಲಿ ಮಲಗಿದ್ದಾಗ ಭಿಕ್ಷುಕರೆಂದು ತಿಳಿದು ಅವರನ್ನು ವ್ಯಾನಿಗೆ ಹತ್ತಿಸಿಕೊಂಡು ಹೋಗಿದ್ದರಂತೆ, ಹೊರಗೆ ಬರುವುದಕ್ಕೆ ಮೊಮ್ಮಗ ಓಡಾಡಬೇಕಾಯಿತಂತೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಭಿಕ್ಷೆ ಬೇಡುವವರಿಗೆ ಅನ್ವಯಿಸುತ್ತದೆಯೇ ಹೊರತು ದುಡಿದು ಬಂದು ಬಯಲಲ್ಲಿ ಮಲಗುವವರಿಗಲ್ಲ. ಆದರೆ ಆ ವ್ಯತ್ಯಾಸವನ್ನು ನಡುರಾತ್ರಿ ವಿವರಿಸಬೇಕಾದವರ ಕೈಯಲ್ಲಿ ಕಾಗದವಿದ್ದರೆ ಮಾತ್ರ ಮಾತಿಗೆ ಬೆಲೆ. ಆ ಹಜಾರದಲ್ಲಿದ್ದವರಲ್ಲಿ ದುಡಿಯದವರು ಬಹಳ ಕಡಿಮೆ. ಅಡುಗೆ ಕಾಂಟ್ರಾಕ್ಟಿನವರ ಜೊತೆ ಚಪಾತಿ ಲಟ್ಟಿಸುವವರು, ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಮಾಡುವವರು, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಗುಂಪಿನಿಂದ ತಪ್ಪಿಸಿಕೊಂಡವರು, ಎಲ್ಲರೂ ಸಂಬಳ ಇದ್ದೂ ಮನೆ ಇಲ್ಲದವರು. ಮನೆಯಿಲ್ಲದವರೆಂದರೆ ಕೆಲಸ ಮಾಡದವರೆಂಬ ನಂಬಿಕೆ ಎಲ್ಲಿಂದ ಬಂತೋ ನನಗೆ ತಿಳಿಯದು.

ಸುಲ್ತಾನ್‌ಪೇಟೆಯಲ್ಲಿ ಕೆಲಸ ಸಿಗುವುದು ಎಣಿಸಿದಷ್ಟು ಕಷ್ಟವಾಗಲಿಲ್ಲ. ಮೂರನೆಯ ಅಂಗಡಿಯ ಸಾಹುಕಾರರು ಹಳೆಯ ಕೈಬರಹದ ಕಾಗದವೊಂದನ್ನು ಕೊಟ್ಟು ಕಂಪ್ಯೂಟರಿನ ಮುಂದೆ ಕೂರಿಸಿದರು. ಲಿಂಗಾಯತರ ಮನೆಯ ಮದುವೆ, ಎರಡೂ ಕಡೆಯ ಹಿರಿಯರ ಹೆಸರುಗಳೇ ಅರ್ಧ ಪುಟ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಕೀಲಿಗಳ ವಿನ್ಯಾಸ ಕೆ.ಪಿ. ರಾವ್ ಅವರದು, ಅದರಲ್ಲಿ ನನ್ನ ಬೆರಳು ಕಣ್ಣುಮುಚ್ಚಿ ಓಡುತ್ತದೆ. ಬರೆದವರು ವರನ ಹೆಸರಿನ ಹಿಂದೆ ಚಿ॥ಕುಂ॥ಸೌ॥ ಎಂದೂ ವಧುವಿನ ಹಿಂದೆ ಚಿ॥ರಾ॥ ಎಂದೂ ಅದಲುಬದಲು ಮಾಡಿದ್ದರು. ಅದನ್ನು ಸರಿಪಡಿಸಿ, ಮುಹೂರ್ತದ ದಿನಾಂಕಕ್ಕೂ ವಾರಕ್ಕೂ ಹೊಂದಿಕೆಯಿಲ್ಲ, ಮನೆಯವರನ್ನು ಒಮ್ಮೆ ಕೇಳಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟೆ. “ದಾವಣಗೆರೆಯಲ್ಲಿ ಯಾರ ಹತ್ರ ಇದ್ರಿ?” ಎಂದು ಕೇಳಿದರು. ಹೇಳಿದೆ. ಅವರ ಡಬ್ಬಗಳೂ ನಮ್ಮಲ್ಲಿಗೆ ಬರುತ್ತಿದ್ದವು.

ಆ ಹೊತ್ತಿನಲ್ಲಿ ನಾನು ಸಂಬಳದ ಮೊತ್ತಕ್ಕಿಂತ ಸಂಬಳದ ದಿನದ ಬಗ್ಗೆ ಹೆಚ್ಚು ಒತ್ತಿ ಮಾತಾಡಿದೆ. ತಿಂಗಳ ಸಂಬಳವೆಂದರೆ ಮುಂದಿನ ತಿಂಗಳ ಐದೋ ಹತ್ತೋ ತಾರೀಖು. ಕೆಲವು ಕಡೆ ಮೊದಲ ಹದಿನೈದು ದಿನದ್ದನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿಯೂ ಇದೆ. ಬರಿಗೈಯಲ್ಲಿ ಬಂದವರು ಮುರಿದು ಬೀಳುವುದು ಈ ನಲವತ್ತು ದಿನದಲ್ಲೇ. ಸಾಲ ಮಾಡುತ್ತಾರೆ, ಸಾಲ ತೀರಿಸಲು ಮುಂಗಡ ತೆಗೆದುಕೊಳ್ಳುತ್ತಾರೆ, ಆಮೇಲೆ ಆ ಮಾಲೀಕನನ್ನು ಬಿಟ್ಟು ಹೋಗಲಾರರು. “ಸ್ವಲ್ಪ ಕಡಿಮೆ ಕೊಟ್ಟರೂ ಆಗುತ್ತೆ ಸರ್, ಮೊದಲ ಮೂರು ತಿಂಗಳು ವಾರದ ಬಟವಾಡೆ ಮಾಡಿ,” ಎಂದೆ. ಹಮಾಲರಿಗೆ ಹೇಗೂ ಶನಿವಾರ ಕೊಡುತ್ತೇವೆ, ಅದರ ಜೊತೆಗೇ ಆಗಲಿ ಎಂದು ಒಪ್ಪಿದರು. ಬೇರೆ ಯಾವ ಕೆಲಸಕ್ಕೆ ಸೇರುವವರಿಗೂ ಇದೇ ಮಾತನ್ನು ಹೇಳುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ವಾರದ ಬಟವಾಡೆ ಸಿಗದು, ಆದರೆ ಅಲ್ಲಿ ಪಿಎಫ್, ಇಎಸ್‌ಐ ಇರುತ್ತವೆ. ಸಂಬಳದಲ್ಲಿ ಶೇ 0.75ರಷ್ಟು ಹಿಡಿದುಕೊಳ್ಳುವ ಇಎಸ್‌ಐ, ಮನೆಯಿಲ್ಲದ ಹೆಂಗಸಿಗೆ ಕಾಯಿಲೆ ಬಿದ್ದಾಗ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ನನ್ನ ಅಂಗಡಿಯಲ್ಲಿ ಅದಿರಲಿಲ್ಲ.

ವಿಳಾಸದ ತೊಂದರೆ ಕೆಲಸ ಸಿಕ್ಕ ಮೇಲೆ ಶುರುವಾಯಿತು. ನನ್ನ ಎಟಿಎಂ ಕಾರ್ಡಿನ ಅವಧಿ ಮುಗಿಯುವುದರಲ್ಲಿತ್ತು, ಹೊಸ ಕಾರ್ಡು ಅಂಚೆಯಲ್ಲಿ ಹೋಗುವುದು ಮಂಡಿಪೇಟೆಯ ಹಿಂದಿನ ಆ ಕಟ್ಟಡಕ್ಕೆ. ಆ ಕಟ್ಟಡವನ್ನು ಕೊಂಡವರು ಕೆಡವಿಯಾಗಿತ್ತು. ಆಧಾರ್‌ನಲ್ಲಿ ವಿಳಾಸ ಬದಲಾಗದೆ ಬ್ಯಾಂಕಿನಲ್ಲಿ ಬದಲಾಗದು, ಬಾಡಿಗೆ ಕರಾರು ಇಲ್ಲದೆ ಆಧಾರ್‌ನಲ್ಲಿ ಬದಲಾಗದು, ಮುಂಗಡವಿಲ್ಲದೆ ಬಾಡಿಗೆ ಕರಾರು ಆಗದು ಎಂದು ಸೇವಾ ಕೇಂದ್ರದವರೊಬ್ಬರು ಹೇಳಿದರು. ಅದು ಪೂರ್ತಿ ನಿಜವಲ್ಲ ಎಂಬುದನ್ನು ಪ್ರತಿಯೊಬ್ಬ ವಸತಿರಹಿತರೂ ತಿಳಿದಿರಬೇಕು. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್ ಪ್ರಾಧಿಕಾರ ವಿಳಾಸದ ದಾಖಲೆಯಾಗಿ ಒಪ್ಪುತ್ತದೆ. ನಮೂನೆಯನ್ನು ನಾನೇ ಅಂಗಡಿಯಲ್ಲಿ ಮುದ್ರಿಸಿಕೊಂಡು ಹೋದೆ. ಕೇಂದ್ರದ ಮೇಲ್ವಿಚಾರಕರು ಮೊದಲಿಗೆ ಹಿಂಜರಿದರು, ಇದರ ಆಧಾರದ ಮೇಲೆ ನಾಳೆ ಯಾರಾದರೂ ಹಕ್ಕು ಕೇಳಿದರೆ ಎಂಬುದು ಅವರ ಭಯ. ನಾನು ಅವರ ಮುಂದೆ ಕೂತು ನಮೂನೆಯ ಪ್ರತಿಯೊಂದು ಸಾಲನ್ನೂ ಓದಿ ಹೇಳಿದೆ. ಕೊನೆಗೆ ಸಹಿ ಹಾಕಿ, ಮೊಹರನ್ನು ಅರ್ಧ ಫೋಟೋದ ಮೇಲೂ ಅರ್ಧ ಕಾಗದದ ಮೇಲೂ ಬರುವಂತೆ ಒತ್ತಿದರು. ಹಾಗೆ ಬರದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಆಗ ಶುಲ್ಕ 50 ರೂಪಾಯಿ. ಹೂ ಕಟ್ಟುವ ಅಜ್ಜಿಗೂ ಇನ್ನಿಬ್ಬರಿಗೂ ಅದೇ ನಮೂನೆಯನ್ನು ತುಂಬಿಕೊಟ್ಟೆ.

ಮತದಾರರ ಪಟ್ಟಿಗೂ ಇಂಥದೇ ದಾರಿಯಿದೆ. ಮನೆಯಿಲ್ಲದವರು ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನು ಬರೆದರೆ, ಮತಗಟ್ಟೆ ಅಧಿಕಾರಿ ರಾತ್ರಿಯ ಹೊತ್ತು ಅಲ್ಲಿಗೆ ಬಂದು ಅವರು ನಿಜವಾಗಿ ಅಲ್ಲೇ ಮಲಗುತ್ತಾರೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಬೇಕು ಎಂಬುದು ಚುನಾವಣಾ ಆಯೋಗದ ಕ್ರಮ. ವಿಳಾಸದ ಕಾಗದ ಬೇಕಿಲ್ಲ.

ಆಶ್ರಯ ಕೇಂದ್ರದಲ್ಲಿ ಇದ್ದಷ್ಟು ದಿನ ವಾರದ ಬಟವಾಡೆಯಲ್ಲಿ ಮುಕ್ಕಾಲು ಪಾಲನ್ನು ಬ್ಯಾಂಕಿಗೆ ಹಾಕಿದೆ. ಊಟ ಕ್ಯಾಂಟೀನಿನದು, ಓಡಾಟ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಉಚಿತ, ಫೋನಿನ ಚಾರ್ಜು ಅಂಗಡಿಯಲ್ಲಿ. ಪಿಜಿಗೆ ಹೋಗಬಹುದಾದಷ್ಟು ದುಡ್ಡು ಬೇಗನೆ ಸೇರಿತು. ಅಲ್ಲಿ ಮುಂಗಡ ಕಡಿಮೆ, ಒಂದೆರಡು ತಿಂಗಳ ಬಾಡಿಗೆಯಷ್ಟು. ಆದರೆ ಬಿಡುವಾಗ ನಿರ್ವಹಣೆಯ ಹೆಸರಿನಲ್ಲಿ ಮುರಿದುಕೊಳ್ಳುತ್ತಾರೆ, ಬಾಡಿಗೆ ಕರಾರನ್ನು ಕೊಡುವವರು ಕಡಿಮೆ, ಮೂವರು ಹಂಚಿಕೊಂಡ ಕೋಣೆಯ ಹಾಸಿಗೆಗೆ ಹೋಗುವ ದುಡ್ಡಿನಲ್ಲಿ ಮುಂಗಡಕ್ಕೆ ಕೂಡಿಸುವುದು ನಿಂತುಹೋಗುತ್ತದೆ. ಅಂಗಡಿಯ ಒಬ್ಬಿಬ್ಬರು, “ಅಲ್ಲಿ ಯಾಕೆ ಇರ್ತೀರಾ, ಮರ್ಯಾದೆ ಪ್ರಶ್ನೆ,” ಎಂದರು. ನನ್ನ ಮರ್ಯಾದೆ ಮುಂಗಡ ಕೂಡುವುದರಲ್ಲಿತ್ತು. ಹಾಗಾಗಿ ಪಿಜಿಯನ್ನು ಬಿಟ್ಟು, ಆಶ್ರಯ ಕೇಂದ್ರದ ಇನ್ನಿಬ್ಬರು ಹೆಂಗಸರನ್ನು ಸೇರಿಸಿಕೊಂಡು ಮೂವರೂ ಒಟ್ಟಿಗೆ ಕೋಣೆ ಮಾಡುವುದೆಂದು ತೀರ್ಮಾನಿಸಿದೆವು. ಒಬ್ಬಳು ಆಸ್ಪತ್ರೆಯ ಹೌಸ್‌ಕೀಪಿಂಗ್, ಇನ್ನೊಬ್ಬಳು ಅಡುಗೆ ಸಹಾಯಕಿ.

ಮನೆ ಹುಡುಕುವಾಗ ಬಾಡಿಗೆಯ ಮಾತಿಗೆ ಮೊದಲು ಗಂಡ ಎಲ್ಲಿ, ಜಾತಿ ಯಾವುದು, ಈಗ ಎಲ್ಲಿದ್ದೀರಿ ಎಂಬ ಪ್ರಶ್ನೆಗಳು ಬರುತ್ತಿದ್ದವು. ಮೂರನೆಯದಕ್ಕೆ ನಾವು ನಿಜವನ್ನೇ ಹೇಳಿದೆವು, ಅದರಿಂದ ಕೆಲವು ಬಾಗಿಲು ಮುಚ್ಚಿದವು. ಕೊನೆಗೆ ಶ್ರೀರಾಮಪುರದ ವಠಾರವೊಂದರಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ, ಎರಡು ಮನೆಗೆ ಸೇರಿ ಒಂದು ಬಚ್ಚಲು ಇರುವ ಜಾಗ ಸಿಕ್ಕಿತು. ಮಾಲೀಕರಾದ ಅಜ್ಜಿಯ ಜೊತೆ ಸಾಹುಕಾರರೇ ಫೋನಿನಲ್ಲಿ ಮಾತಾಡಿದರು. ಆರು ತಿಂಗಳ ಮುಂಗಡದಲ್ಲಿ ಅರ್ಧವನ್ನು ಈಗ, ಉಳಿದರ್ಧವನ್ನು ಆರು ಕಂತಿನಲ್ಲಿ ಬಾಡಿಗೆಯ ಜೊತೆಗೆ ಕೊಡುವುದೆಂದು ಒಪ್ಪಿಗೆಯಾಯಿತು, ಮತ್ತು ಆ ಕಂತಿನ ಮಾತನ್ನು ಕರಾರಿನಲ್ಲಿ ಬರೆಸಿದೆ. ಬಾಯಿಮಾತಿನ ಕಂತುಗಳು ಜಗಳದಲ್ಲಿ ಮುಗಿಯುವುದನ್ನು ಹಜಾರದಲ್ಲಿ ಬೇಕಾದಷ್ಟು ಕೇಳಿದ್ದೆ. ಕರಾರು ಹನ್ನೊಂದು ತಿಂಗಳಿನದು. ಒಂದು ವರ್ಷಕ್ಕಿಂತ ಕಡಿಮೆಯಾದರೆ ನೋಂದಣಿ ಕಡ್ಡಾಯವಲ್ಲವಾದ್ದರಿಂದ ಎಲ್ಲರೂ ಹಾಗೆಯೇ ಮಾಡುತ್ತಾರೆ. ಛಾಪಾ ಕಾಗದದ ಮೇಲಿನ ಒಕ್ಕಣೆಯನ್ನು ನಾನೇ ಜೋಡಿಸಿದೆ, ಮೂವರ ಹೆಸರನ್ನೂ ಹಾಕಿದೆ. ಒಬ್ಬಳ ಹೆಸರಿನಲ್ಲಿ ಮಾತ್ರ ಮಾಡಿಸಿದರೆ ಉಳಿದಿಬ್ಬರಿಗೆ ಮತ್ತೆ ವಿಳಾಸ ಇರುವುದಿಲ್ಲ.

ಅದೇ ಕರಾರಿನಿಂದ ಗೃಹಜ್ಯೋತಿಗೂ ಅರ್ಜಿ ಹಾಕಿದೆವು. ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುವ ಈ ಯೋಜನೆ ಬಾಡಿಗೆದಾರರಿಗೂ ಇದೆ, ಮೀಟರಿನ ಆರ್.ಆರ್. ಸಂಖ್ಯೆಗೆ ಬಾಡಿಗೆದಾರರ ಆಧಾರ್ ಜೋಡಿಸಬೇಕು ಅಷ್ಟೇ. ಮನೆಯ ಮೇಲೆ ಹಕ್ಕು ಬಂದುಬಿಡುತ್ತದೇನೋ ಎಂದು ಅಜ್ಜಿ ಹೆದರಿದರು. ಬಿಲ್ಲಿನಲ್ಲಿ ಅವರ ಹೆಸರೇ ಉಳಿಯುತ್ತದೆ ಎಂದು ತೋರಿಸಿದ ಮೇಲೆ ಒಪ್ಪಿದರು.

ಪಡಿತರ ಚೀಟಿ ಮಾತ್ರ ಇನ್ನೂ ಆಗಿಲ್ಲ. ಹಳೆಯದು ಅವ್ವನ ಹೆಸರಿನಲ್ಲಿ ದಾವಣಗೆರೆಯಲ್ಲಿದೆ. ಅವ್ವನ ಹೆಸರನ್ನು ತೆಗೆಸಿ ನನ್ನನ್ನು ಕುಟುಂಬದ ಯಜಮಾನಿ ಎಂದು ಮಾಡಿಸಿಕೊಂಡರೆ ಪಡಿತರವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ತೆಗೆದುಕೊಳ್ಳಬಹುದು, ಗೃಹಲಕ್ಷ್ಮಿಯ 2,000 ರೂಪಾಯಿಗೂ ಅರ್ಜಿ ಹಾಕಬಹುದು. ಮರಣ ಪ್ರಮಾಣಪತ್ರ ಗೆಳತಿಯ ಬೀರುವಿನಲ್ಲಿದೆ. ತಿದ್ದುಪಡಿಗೆ ಅವಕಾಶ ತೆರೆದಿದೆಯೆಂದು ಅವಳು ನಿನ್ನೆ ಫೋನ್ ಮಾಡಿದ್ದಾಳೆ, ಶನಿವಾರದ ಬಟವಾಡೆ ಆದ ಮೇಲೆ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ, ಸೋಮವಾರ ಒಂದು ದಿನ ರಜೆ ಕೇಳಿದ್ದೇನೆ.